ದೂತನ ಬೂಟು

ಹಾಳೆಯ ಮೇಲೆ ಬರೆದಿದೆ: ಬುದ್ಧಿ, ಹದಿನೆಂಟು.
ಬರೆದವನು ವ್ರಾತಿಸ್ಲಾವನೇ, ಪೆನ್ಸಿಲ್ಲು ಒತ್ತಿ ಒತ್ತಿ,
ಅಳಿಸಲು ಬಾರದ ಹಾಗೆ.
ಒಸ್ತ್ರಾವಾದಲ್ಲಿ ಎಂಟನೇ ನಂಬರಿನ ಟ್ರಾಮ್ ಓಡಿಸುತ್ತಾನೆ.
ಒಂದು ಮಾತು ಆಡಿ ಮುಗಿಸಲು
ಅವನಿಗೆ ಎರಡು ನಿಲ್ದಾಣ ಬೇಕು.

ಗುರುವಾರ ರಾತ್ರಿ, ಲಾಂಡ್ರಿಯ ಕೆಳಗಿನ ನೆಲಮಾಳಿಗೆ.
ನಮ್ಮ ತಲೆಯ ಮೇಲೆ ಯಾರದೋ ಹಾಸಿಗೆ ಬಟ್ಟೆ
ಗಿರಗಿರ ತಿರುಗುವ ಸದ್ದು. ಕೆಳಗೆ ಅವನು
ಮಹಾಮಂತ್ರಿ ಮೊರ್ದಾನ: ಏಳು ಭಾಷೆ ಬಲ್ಲವನು,
ಮೂವರು ರಾಜರನ್ನು ಮಣ್ಣು ಮಾಡಿ
ನಾಲ್ಕನೆಯವನಿಗೆ ಚದುರಂಗ ಕಲಿಸುತ್ತಿರುವವನು.

ಆಟ ನಡೆಸುವವಳು ನಾನು.
ಕಾಡು, ಕೋಟೆ, ಕಳ್ಳರು, ನಾಳಿನ ಮೋಡ
ಎಲ್ಲ ನನ್ನ ನೋಟುಬುಕ್ಕಿನಲ್ಲಿ.
ತೋಳ್ಬಲ ಹದಿನೆಂಟಾದರೆ ಸುಲಭ.
ಗರ ಬಿತ್ತು, ಬಾಗಿಲು ಮುರಿಯಿತು.
ಎಲ್ಲಿ, ನಿನ್ನ ತೋಳು ತೋರಿಸು ಎಂದು ಯಾರೂ ಕೇಳುವುದಿಲ್ಲ.
ಬುದ್ಧಿಗೆ ಮಾತ್ರ ಬಾಯಿ ತೆರೆಯಬೇಕು,
ಆ ಬಾಯಿ ಮನೆಯಿಂದ ತಂದದ್ದೇ ಆಗಿರುತ್ತದೆ.

ಕ್ವೆತಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು.
ನಾನು ಒಗಟು ಓದಿ ಮುಗಿಸುವ ಮೊದಲೇ
ಉತ್ತರ ಅವಳ ಕೆನ್ನೆಯಲ್ಲಿ ಮಿಸುಕಾಡುತ್ತದೆ.
ಆದರೆ ಅವಳ ಪಾತ್ರ ಬುರ್ಗ, ಬುದ್ಧಿ ಐದು,
ಎದೆ ಸೀಳಿದರೂ ಎರಡಕ್ಷರ ಸಿಗದ ಕೊಡಲಿಯವನು.
ನಾಲಿಗೆ ಕಚ್ಚಿಕೊಂಡು ಹೇಳುತ್ತಾಳೆ:
"ಬುರ್ಗನಿಗೆ ಹಸಿವು."

ಆಮೇಲೆ ಮೇಜಿನ ಕೆಳಗೆ ಒಂದು ಚೀಟಿ.
ಬಿಸ್ಕತ್ತಿನ ಕಾಗದ, ಎಂಟು ಮಡಿಕೆ.
ವ್ರಾತಿಸ್ಲಾವ್ ತೊಡೆಯ ಮೇಲಿಟ್ಟು ಓದಿ, ಕೆಮ್ಮಿ,
"ಮೂರನೆಯ ಬಾಗಿಲು ಸುಳ್ಳು ಹೇಳುತ್ತಿದೆ" ಅನ್ನುತ್ತಾನೆ.
ಭೇಷ್ ಮಂತ್ರಿಗಳೇ! ಓಟಾಕರ್ ಮೇಜು ಗುದ್ದುತ್ತಾನೆ.
ಮಂತ್ರಿಗಳ ಕಿವಿ ಕೆಂಪು,
ಭಾವನ ಕೋಟು ತೊಟ್ಟು ಫೋಟೋಗೆ ನಿಂತವನ ಹಾಗೆ.

ಎರಡು ಚಳಿಗಾಲ ಹೀಗೆ.

ಫೆಬ್ರವರಿಯಲ್ಲಿ ದೂತ ಬಂದ.
ಗಡಿಯಾಚೆಯಿಂದ, ಸಂಧಿಪತ್ರ ಹಿಡಿದು.
ನನ್ನ ನೋಟುಬುಕ್ಕಿನಲ್ಲಿತ್ತು: ದೂತ ಪ್ರಾಮಾಣಿಕ.
ಚೀಟಿ ಬಂತು. ವ್ರಾತಿಸ್ಲಾವ್ ಬಿಡಿಸಲಿಲ್ಲ,
ಚಹಾದ ಲೋಟದ ಕೆಳಗೆ ಒತ್ತಿಟ್ಟ.
ಶಾಯಿ ಮೆಲ್ಲಗೆ ಹರಡತೊಡಗಿತು.

"ಅವನ ಬೂಟು ನೋಡುತ್ತೇನೆ" ಅಂದ.
ಬೂಟೇ?
"ಮೂರು ದಿನ ಕೆಸರಲ್ಲಿ ಕುದುರೆ ಓಡಿಸಿದೆ ಅಂದನಲ್ಲ.
ಮೂವತ್ತೊಂದು ವರ್ಷ ಕನ್ನಡಿಯಲ್ಲಿ
ಹತ್ತುವವರ ಕಾಲು ನೋಡಿದ್ದೇನೆ.
ಟಿಕೆಟ್ ಇದ್ದವನು ಪೂರಾ ಪಾದ ಊರುತ್ತಾನೆ.
ಇಲ್ಲದವನ ಬೆರಳು ಮೊದಲು ಬರುತ್ತದೆ."

ಮೇಲೆ ಯಂತ್ರ ನಿಂತಿತು.
ಎಲ್ಲರ ಕಣ್ಣೂ ನನ್ನ ಮೇಲೆ.
ನನ್ನ ದೂತನಿಗೆ ಮೂಗಿತ್ತು, ಮುದ್ರೆಯುಂಗುರವಿತ್ತು,
ಊರಲ್ಲಿ ಕಾಯಿಲೆಯ ತಾಯಿಯಿದ್ದಳು,
ಕಾಲೇ ಇರಲಿಲ್ಲ.

"ಫಳಫಳ ಹೊಳೆಯುತ್ತಿವೆ" ಅಂದೆ,
ಅನ್ನುತ್ತಲೇ ಒಂದು ಪದಕ್ಕೆ ಅಡ್ಡಗೆರೆ ಎಳೆದೆ.
ಓಟಾಕರ್ ಕುರ್ಚಿಯಿಂದ ಎದ್ದೇಬಿಟ್ಟ.
ವ್ರಾತಿಸ್ಲಾವನ ಕಿವಿ ಈ ಸಲ ಕೆಂಪಾಗಲಿಲ್ಲ.
ಬೆಳಗಾಗುವುದರೊಳಗೆ ದೂತನನ್ನು ನೇಣಿಗೆ ಹಾಕಿದರು,
ತಾಯಿಯ ಹೆಸರು ಹೇಳುವ ಸರದಿ
ನನಗೆ ಬರಲೇ ಇಲ್ಲ.

ಕ್ವೆತಾ ಪೆನ್ಸಿಲ್ಲು ಆಡಿದ್ದನ್ನು ನೋಡಿದ್ದಳು.
ನನ್ನ ಮುಖ ನೋಡಿದಳು, ನೋಟುಬುಕ್ಕು ನೋಡಿದಳು,
ಬಾಯಿ ತುಂಬ ಬಿಸ್ಕತ್ತು ತುರುಕಿಕೊಂಡು
"ಬುರ್ಗನಿಗೆ ಏನೂ ತಿಳಿಯದು" ಅಂದಳು.
ಅಷ್ಟು ಚೆನ್ನಾಗಿ ಅವಳು ಯಾವತ್ತೂ ಆಡಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟನೇ ನಂಬರು.
ಕಲ್ಲಿದ್ದಲ ಕಸದ ಗುಡ್ಡದ ಮೇಲೆ ಮಾತ್ರ ಹಿಮ ನಿಂತಿರಲಿಲ್ಲ,
ಒಳಗೆ ಇನ್ನೂ ಉರಿಯುತ್ತದಂತೆ.
ಪಾಸು ಕೈಯಲ್ಲೇ ಇತ್ತು, ತಿಂಗಳ ಪಾಸು.
ಆದರೂ ಮೆಟ್ಟಿಲು ಹತ್ತುವಾಗ
ಬೆರಳೇ ಮೊದಲು ಹೋಯಿತು.
ಕನ್ನಡಿಯಲ್ಲಿ ವ್ರಾತಿಸ್ಲಾವ್ ತಲೆಯಾಡಿಸಿದ, ನಮಸ್ಕಾರಕ್ಕೋ
ಇನ್ನು ಯಾವುದಕ್ಕೋ,
ಗಂಟೆ ಬಾರಿಸಿ ಹೊರಟ.